ಕಡ್ಡಿ ನೆಂದರೆ

ಗುಡಾರದ ಚೀಲದ ಮೇಲೊಂದು ಚಿತ್ರ:
ಹಿಮ ಹೊದ್ದ ಬೆಟ್ಟ, ಮೊನಚು ಮೊನಚು ಪೈನ್ ಮರ,
ನೀಲಿ ಹೊಳೆ, ದಡದಲ್ಲಿ ನಗುವ ಗಂಡ ಹೆಂಡತಿ,
ಕೈಯಲ್ಲಿ ಹಬೆಯಾಡುವ ಲೋಟ.
ಕೆಳಗೆ ದಪ್ಪಕ್ಷರದಲ್ಲಿ: ಇಬ್ಬರಿಗೆ.

ನಮ್ಮಿಬ್ಬರಲ್ಲಿ ಒಬ್ಬರಿಗೆ ರಜೆ ಸಿಗಲಿಲ್ಲ.
ಕಾರ್ಖಾನೆಯಲ್ಲಿ ಕಬ್ಬು ಅರೆಯಲು ಶುರುವಾಗಿ ವಾರ,
ಬಾಯ್ಲರ್ ಮುಂದೆ ನಿಲ್ಲುವವನಿಗೆ ಹೊಳೆಯೆಲ್ಲಿ, ಮರಳೆಲ್ಲಿ.
ಕಟ್ಟಿದ ದುಡ್ಡು ವಾಪಸು ಬರುವುದಿಲ್ಲವೆಂದು
ಅವನ ಅಕ್ಕ ಬಂದಳು, ದಾಕ್ಷಾಯಿಣಿ,
ಹನ್ನೊಂದು ವರ್ಷದಿಂದ ನನ್ನ ಸಾರಿಗೆ
ಉಪ್ಪು ಕಮ್ಮಿ ಅಂತ ಮಾತ್ರ ಹೇಳಿದವಳು.

ಹಲಗೂರು ದಾಟಿದ ಮೇಲೆ ಬಸ್ಸು
ತಿರುವು ತಿರುವಿಗೂ ಸ್ವಲ್ಪ ಸ್ವಲ್ಪ ಕಾಡಾಯಿತು.
ಅವಳ ತೊಡೆಯ ಮೇಲೆ ರಾಗಿಹಿಟ್ಟಿನ ಡಬ್ಬ,
ನನ್ನ ತೊಡೆಯ ಮೇಲೆ ಪೈನ್ ಮರ.

ಮುತ್ತತ್ತಿಯಲ್ಲಿ ಪೈನ್ ಎಲ್ಲಿಯದು.
ಹೊಳೆಮತ್ತಿ. ಬಿಳಿ ತೊಗಟೆ, ನೀರಿನೊಳಕ್ಕೇ ಇಳಿದ ಬೇರು,
ಕೊಂಬೆಗಳಲ್ಲಿ ಹೋದ ನೆರೆ ಸಿಕ್ಕಿಸಿಹೋದ ಕಸ:
ಒಂದು ರವಿಕೆ ತೋಳು, ಬಾಳೆದಿಂಡು, ಯಾರದೋ ಚಪ್ಪಲಿ,
ನನ್ನ ತಲೆಗಿಂತ ಎರಡಾಳು ಮೇಲೆ.
ದಾಕ್ಷಾಯಿಣಿ ಕತ್ತೆತ್ತಿ ಅದನ್ನೇ ನೋಡಿದಳು:
"ಅಲ್ಲೀಗಂಟ ಬತ್ತದಾ ನೀರು?"

ತೆಪ್ಪದ ಮುನಿಮಾದ ಬೀಡಿ ಕಚ್ಚಿಕೊಂಡೇ
ನೀರಿಗೂ ಗುಡಾರಕ್ಕೂ ನಡುವೆ ಒಂದು ಕಡ್ಡಿ ನೆಟ್ಟ.
"ಅದು ಮಳ್ಗಾಲ್ದಲ್ಲಿ ಕನವ್ವ. ಈಗೇನಿದ್ರೂ
ಮೇಲೆ ಕರೆಂಟ್‌ಗೆ ಅಂತ ಬುಡ್ತಾರೆ, ಸರೊತ್ತಲ್ಲಿ,
ಒಂದ್ ಗೇಣೋ, ಒಂದ್ ಮೊಳವೋ.
ಕಡ್ಡಿ ನೆಂದ್ರೆ ಎದ್ಬುಡಿ."

ಗುಡಾರ ನಿಲ್ಲಿಸಿದ್ದು ಅವಳೇ.
ಸೂಚನೆಯ ಹಾಳೆ ನನ್ನ ಕೈಯಲ್ಲಿತ್ತು, ಓದುತ್ತಲೇ ಇದ್ದೆ;
ಅವಳು ಸೆರಗು ಸಿಕ್ಕಿಸಿ, ಕಲ್ಲಿನಿಂದ ಗೂಟ ಬಡಿದು,
ಎಮ್ಮೆ ಕಟ್ಟುವ ಗಂಟು ಹಾಕಿ,
"ಊಂ, ಈಗ ಎಳ್ದು ನೋಡು" ಅಂದಳು.
ಎಳೆದೆ. ಅಲ್ಲಾಡಲಿಲ್ಲ ಅದು,
ಅವಳು ಹಿಡಿದ ಮಾತಿನ ಹಾಗೆ.

ಮೂರು ಕಲ್ಲು, ಒಣ ಬಿದಿರು, ಬಸ್ಸಾರು.
ಉಪ್ಪಿನ ಪೊಟ್ಟಣ ಮನೆಯಲ್ಲೇ ಉಳಿದಿತ್ತು.
ಸಪ್ಪೆ ಮುದ್ದೆ, ಸಪ್ಪೆ ಸಾರು,
ಎದುರಿಗೆ ಅಷ್ಟುದ್ದ ಸಪ್ಪೆ ಹೊಳೆ.
ಮೊದಲು ನಕ್ಕವರು ಯಾರೋ ನೆನಪಿಲ್ಲ;
ಕೆಮ್ಮು ಹತ್ತಿ ನನ್ನ ಬೆನ್ನಿಗೆ ಅವಳು ಗುದ್ದಿದ್ದು ನೆನಪಿದೆ,
ಬೇಕಾದ್ದಕ್ಕಿಂತ ಒಂದೆರಡು ಹೆಚ್ಚಿಗೆ.

ಕಾರ್ಖಾನೆಯವರ ಹಾಗೆ ರಾತ್ರಿಗೆ ಪಾಳಿ ಹಾಕಿಕೊಂಡೆವು.
ಎರಡನೆಯದು ನನ್ನದು.
ಟಾರ್ಚು ಬಿಟ್ಟರೆ ಕಡ್ಡಿ; ಆರಿಸಿದರೆ ಹೊಳೆ ಬರೀ ಸದ್ದು.
ಆಚೆ ದಡದಲ್ಲಿ ಏನೋ ಬಿದಿರು ಮುರಿಯಿತು, ಲಟ್.
ನೀರುನಾಯಿಗಳು ಮೂರ್ನಾಕು ಸಿಳ್ಳೆ ಹಾಕಿ ಸುಮ್ಮನಾದವು.
ಒಳಗೆ ಅವಳ ಗೊರಕೆ,
ಇಷ್ಟು ವರ್ಷ ಗೋಡೆಯಾಚೆ ಕೇಳಿದ್ದು,
ಈಗ ನಡುವೆ ಬಟ್ಟೆ ಮಾತ್ರ.

ಯಾವ ಹೊತ್ತಿಗೋ ಸದ್ದು ಬದಲಾಯಿತು.
ಜೋರಾಗಲಿಲ್ಲ, ಕಮ್ಮಿಯಾಯಿತು:
ದಡದ ಕಲ್ಲುಗಳು ಒಂದೊಂದಾಗಿ ಮಾತು ನಿಲ್ಲಿಸಿದವು,
ಬಾಯಿಗೆ ನೀರು ತುಂಬಿಕೊಂಡಂತೆ.
ಟಾರ್ಚು ಬಿಟ್ಟೆ.
ಕಡ್ಡಿಯ ಬುಡ ಕಪ್ಪಗಾಗಿತ್ತು.

"ಅಕ್ಕಾ!"
ಮನೆಯಲ್ಲಿ "ಇಲ್ನೋಡಿ" ಅಂತಲೇ ಕರೆದ ಬಾಯಿ.
ಒಳಗಿನಿಂದ ನಿದ್ದೆಗಣ್ಣಿನ ಗದರಿಕೆ:
"ಯಾವ್ ಅಕ್ಕ?"
"ನೀವೇ. ಏಳಿ. ನೀರು."

ಅವಳ ಗಂಟು ಅವಳಿಗೇ ಬಿಚ್ಚಲಿಲ್ಲ.
ಸೊಪ್ಪು ಹೆಚ್ಚುವ ಚಾಕುವಿನಲ್ಲಿ ಹಗ್ಗ ಕೊಯ್ದು,
ಡಬ್ಬ, ಹಾಸಿಗೆ, ಪಾತ್ರೆ ಸಮೇತ ಗುಡಾರವನ್ನು
ಹೆರಿಗೆಗೆ ಬಂದ ಹಸುವಿನಂತೆ ಮೆಲ್ಲಗೆ
ದಿಣ್ಣೆ ಹತ್ತಿಸಿದೆವು.
ಚೀಲವೊಂದು ಕೆಳಗೇ ಉಳಿಯಿತು.
ಟಾರ್ಚಿನ ಬೆಳಕು ಮುಟ್ಟುವವರೆಗೂ ನೋಡಿದೆ:
ಹಿಮ, ಬೆಟ್ಟ, ಪೈನ್ ಮರ,
ಆ ಗಂಡ ಹೆಂಡತಿ, ಕೈಯ ಲೋಟ ಬಿಡದೆ,
ನಗುತ್ತಲೇ ಸಂಗಮದ ಕಡೆ ತೇಲಿಹೋದರು.

ಬೆಳಿಗ್ಗೆ ಹೊಳೆ ಏನೂ ಆಗದವಳ ಹಾಗೆ
ತನ್ನ ಜಾಗಕ್ಕೆ ಇಳಿದಿತ್ತು. ಕಲ್ಲುಗಳು ಮತ್ತೆ ಹರಟೆಗೆ ಕೂತಿದ್ದವು.
ಕಡ್ಡಿ ನಿಂತೇ ಇತ್ತು, ಮೊಳದುದ್ದ ನೆಂದು.
ದಾಕ್ಷಾಯಿಣಿ ಅದನ್ನು ಕಿತ್ತು, ಮೂಸಿ,
"ಬೇವಲ್ಲ, ಹೊಂಗೆ" ಅಂದು ಲಟಕ್ಕನೆ ಮುರಿದು
ಅರ್ಧ ನನ್ನ ಕಡೆ ಚಾಚಿದಳು.

ಹಲ್ಲಿಗೆ ಇಟ್ಟೆ. ಕಹಿ.
ಸದ್ಯ, ಒಂದು ರುಚಿಯಾದರೂ.